ತೆರೆದ ಬಾಗಿಲು ಮತ್ತು ಒಳಗಿರುವವರು

1983ರಲ್ಲಿ ಜಾನ್ ಬ್ಯಾಡಮ್ ನಿರ್ದೇಶಿಸಿದ 'ವಾರ್ ಗೇಮ್ಸ್' ಎಂಬ ರೋಚಕ ಚಲನಚಿತ್ರದ ನಾಯಕ ಶಾಲೆಗೆ ಹೋಗುವ ಹುಡುಗ, ಡೇವಿಡ್ ಲೈಟ್‌ಮನ್. ಮನೆಯ ಗಣಕಯಂತ್ರಕ್ಕೆ ದೂರವಾಣಿಯನ್ನು ಜೋಡಿಸಿ, ಒಂದು ಊರಿನ ಸಂಖ್ಯೆಗಳನ್ನೆಲ್ಲ ಸಾಲಾಗಿ ಕರೆಯಿಸಿ, ಎಲ್ಲಿ ಮತ್ತೊಂದು ಯಂತ್ರ ಓಗೊಡುತ್ತದೆಂದು ಹುಡುಕುತ್ತಾನೆ. ಅವನಿಗೆ ಬೇಕಿದ್ದುದು ಹೊಸ ಆಟಗಳು. ಸಿಕ್ಕಿದ್ದು ಅಮೆರಿಕದ ಅಣ್ವಸ್ತ್ರ ಕ್ಷಿಪಣಿಗಳನ್ನು ನಿಯಂತ್ರಿಸುವ ಯಂತ್ರ. ಅವನು ಆಟವೆಂದು ಬಗೆದು ಆರಂಭಿಸಿದ್ದನ್ನು ಸೇನೆಯವರು ನಿಜವಾದ ದಾಳಿಯೆಂದು ಭಾವಿಸುತ್ತಾರೆ.

ಹುಡುಗ ಕೆಟ್ಟವನಲ್ಲ. ಹಾಗಾದರೆ ಅವನು ಮಾಡಿದ್ದು ತಪ್ಪೇ? "ಬಾಗಿಲು ತೆರೆದಿತ್ತು, ಒಳಗೆ ಹೋಗಿ ನೋಡಿದೆ, ಏನನ್ನೂ ಮುಟ್ಟಲಿಲ್ಲ" ಎಂಬ ಮಾತನ್ನು ನಾವು ಒಪ್ಪಬೇಕೆ?

ವಯನಾಡಿನಲ್ಲಿ ನೆಲೆಸಿರುವ ನಮಗೆ ಇದನ್ನು ವಿಚಾರಿಸಲು ದೂರ ಹೋಗಬೇಕಿಲ್ಲ. ಮುತ್ತಂಗ ದಾಟಿ ಗುಂಡ್ಲುಪೇಟೆಯ ಕಡೆಗೆ ಹೋಗುವ ಹೆದ್ದಾರಿಯನ್ನು 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂಡೀಪುರದ ಕಾಡಿನಲ್ಲಿ ಮುಚ್ಚಲಾಗುತ್ತಿದೆ. ಮೈಸೂರಿನ ನೆಂಟರ ಮನೆಯಿಂದ ಹೊರಡಲು ತಡವಾದಾಗ ಆ ಗೇಟನ್ನು ಶಪಿಸದವರು ನಮ್ಮಲ್ಲಿ ವಿರಳ. ಅದರ ವಿರುದ್ಧ ನಡೆದ ಹೋರಾಟದಲ್ಲಿ ನ್ಯಾಯವಿಲ್ಲವೆಂದು ನಾವು ಹೇಳಲಾರೆವು. ಆದರೆ ಆ ಗೇಟು ನಮ್ಮನ್ನು ಕಳ್ಳರೆಂದು ತಡೆಯುತ್ತಿಲ್ಲ. ನಾವು ಸುಮ್ಮನೆ ಹಾದುಹೋಗುವವರೇ. ಆದರೂ ಆ ಹೊತ್ತಿನಲ್ಲಿ ರಸ್ತೆ ದಾಟುವ ಆನೆಗೆ, ಜಿಂಕೆಗೆ ನಮ್ಮ ಸದುದ್ದೇಶದಿಂದ ಏನೂ ಪ್ರಯೋಜನವಿಲ್ಲ. ದಾರಿ ತೆರೆದೀತೇ ಎಂದು ಕೇಳುವುದು ಒಂದು. ಒಳಗೆ ಯಾರಿದ್ದಾರೆಂದು ಕೇಳುವುದು ಇನ್ನೊಂದು. ಡೇವಿಡ್ ಮೊದಲನೆಯದನ್ನು ಮಾತ್ರ ಕೇಳಿದ.

ಇದು ಬರಿಯ ಕಥೆಯಲ್ಲ. ಅದೇ 1983ರಲ್ಲಿ, ತಮ್ಮನ್ನು '414' ಎಂದು ಕರೆದುಕೊಂಡ ಮಿಲ್ವಾಕಿಯ ಯುವಕರ ಗುಂಪೊಂದು ಲಾಸ್ ಅಲಾಮೋಸ್ ಪ್ರಯೋಗಾಲಯದ ಗಣಕಯಂತ್ರವನ್ನೂ ನ್ಯೂಯಾರ್ಕಿನ ಒಂದು ಕ್ಯಾನ್ಸರ್ ಆಸ್ಪತ್ರೆಯ ಯಂತ್ರವನ್ನೂ ಹೊಕ್ಕಿತು. ಕೇಡು ಅವರ ಉದ್ದೇಶವಾಗಿರಲಿಲ್ಲ. ಆದರೆ ತಮ್ಮ ಹೆಜ್ಜೆಗುರುತನ್ನು ಅಳಿಸುವ ಭರದಲ್ಲಿ ಆಸ್ಪತ್ರೆಯ ಕೆಲವು ಲೆಕ್ಕಪತ್ರಗಳೂ ಅಳಿದವು.

ನಮ್ಮ ದೇಶದ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆ ಈ ಸೂಕ್ಷ್ಮವನ್ನು ಬಲ್ಲದು. ಅನುಮತಿಯಿಲ್ಲದೆ ಹೊಕ್ಕವನು 43ನೆಯ ಸೆಕ್ಷನ್ ಪ್ರಕಾರ ಪರಿಹಾರಕ್ಕೆ ಹೊಣೆ. ಅದನ್ನೇ ವಂಚನೆಯಿಂದ ಮಾಡಿದವನಿಗೆ 66ನೆಯ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಸೆರೆ. ಮನಸ್ಸು ಶುದ್ಧವಾಗಿದ್ದರೆ ಶಿಕ್ಷೆ ತಪ್ಪೀತು, ಹೊಣೆ ತಪ್ಪದು.

ಹಿರಿಯರ ಪಾಲನ್ನೂ ಮರೆಯಬಾರದು. ಚಿತ್ರದಲ್ಲಿ ಶಾಲೆಯ ಕಚೇರಿಯವರು ಗುಪ್ತಪದಗಳನ್ನು ಚೀಟಿಯಲ್ಲಿ ಬರೆದು ಕೈಗೆಟುಕುವಲ್ಲೇ ಇಟ್ಟಿರುತ್ತಾರೆ; ಹುಡುಗ ಅದನ್ನು ನೋಡಿಕೊಂಡು ತನ್ನ ಅಂಕಗಳನ್ನು ತಿದ್ದುತ್ತಾನೆ. ಅಧ್ಯಕ್ಷ ರೇಗನ್ ಈ ಚಿತ್ರವನ್ನು ನೋಡಿ, ಹೀಗೆ ನಿಜವಾಗಿ ನಡೆಯಬಹುದೇ ಎಂದು ತಮ್ಮ ಸೇನಾಧಿಕಾರಿಯನ್ನು ಕೇಳಿದರಂತೆ. ನೀವೆಣಿಸಿದ್ದಕ್ಕಿಂತ ಸ್ಥಿತಿ ಕೆಟ್ಟಿದೆ ಎಂಬ ಉತ್ತರ ಬಂತು. 1984ರಲ್ಲಿ ಗಣಕಯಂತ್ರಗಳ ಭದ್ರತೆಗೆ ಆಜ್ಞೆ ಹೊರಟಿತು. ಚಲನಚಿತ್ರವೊಂದು ಸರಕಾರವನ್ನು ಎಚ್ಚರಿಸಬೇಕಾಯಿತೆಂಬುದು ವಿನೋದವೂ ಹೌದು, ವಿಷಾದವೂ ಹೌದು.

ನಮ್ಮನ್ನು ಹೆಚ್ಚು ಕಾಡುವುದು ಇನ್ನೊಂದು ಸನ್ನಿವೇಶ. ಆ ಮಹಾಯಂತ್ರದ ಗುಪ್ತಪದ 'ಜೋಶುವಾ'. ಅದನ್ನು ನಿರ್ಮಿಸಿದ ಪ್ರಾಧ್ಯಾಪಕ ಫಾಲ್ಕನ್‌ನ ಮಗನ ಹೆಸರದು, ಬಾಲ್ಯದಲ್ಲೇ ತೀರಿಕೊಂಡವನು. ಡೇವಿಡ್ ಹಳೆಯ ಬರಹಗಳನ್ನು ದಿನಗಟ್ಟಲೆ ಓದಿ ಆ ಸಾವಿನ ಸುದ್ದಿಯನ್ನು ಕಂಡುಕೊಳ್ಳುತ್ತಾನೆ, ಹೆಸರನ್ನು ಒತ್ತುತ್ತಾನೆ, ಯಂತ್ರ ತೆರೆಯುತ್ತದೆ. ಚಿತ್ರಮಂದಿರದಲ್ಲಿ ಅದು ಜಾಣ್ಮೆ ಗೆದ್ದ ಕ್ಷಣ. ತಂದೆಯೊಬ್ಬನ ದುಃಖವನ್ನು ಹುಡುಗ ಬೀಗದಕೈಯಾಗಿ ಬಳಸಿದನೆಂಬುದನ್ನು ಚಿತ್ರ ಗಮನಿಸದೆ ಮುಂದೆ ಸಾಗುತ್ತದೆ. ಅಲ್ಲಿ ಅದು ಅರೆಗಳಿಗೆ ನಿಲ್ಲಬೇಕಿತ್ತೆಂದು ನಮಗನಿಸುತ್ತದೆ.

ಕೇರಳದ ಪ್ರೌಢಶಾಲೆಗಳಲ್ಲಿ 2018ರಿಂದ 'ಲಿಟಲ್ ಕೈಟ್ಸ್' ಕೂಟಗಳಿವೆ. ನಮ್ಮ ಮಕ್ಕಳು ಅಲ್ಲಿ ಪ್ರೋಗ್ರಾಮಿಂಗ್ ಕಲಿಯುತ್ತಾರೆ. ಅದು ಸಂತೋಷದ ಸಂಗತಿ. ಅದೇ ಮಕ್ಕಳು ಸಂಜೆ ಅಜ್ಜಿಯ ಮೊಬೈಲನ್ನು ಸರಿಪಡಿಸಿಕೊಡುತ್ತಾರೆ, ಪಿಂಚಣಿ ಬಂದಿದೆಯೇ ಎಂದು ನೋಡಿ ಹೇಳುತ್ತಾರೆ. ಅಜ್ಜಿಯ ಗುಪ್ತಪದ ಅವರಿಗೆ ಗೊತ್ತು. ಎಷ್ಟೋ ಮನೆಗಳಲ್ಲಿ ಅದು ಅಜ್ಜನ ಹೆಸರೇ ಆಗಿರುತ್ತದೆ.