ಹೊಸ ಭಾಷೆಯಲ್ಲಿ ‘ಬೇಡ’ ಎನ್ನಲು ಕಲಿಸಿ



ಕನ್ನಡ ಶಾಲೆಯಲ್ಲಿ ಓದಿ ಇಂಗ್ಲಿಷ್ ಮಾಧ್ಯಮದ ಕಾಲೇಜು ಸೇರಿದ ಮಗ ಮೊದಮೊದಲು ಬಾಯಿ ಬಿಡಲೂ ಅಂಜುತ್ತಾನೆ. ತಪ್ಪಾದರೆ ನಗುತ್ತಾರಲ್ಲ! ಅಂಥವನ ಮುಂದೆ ಗೆಳೆಯರು ಸಿಗರೇಟು ಹಿಡಿದರೆ, ಮನಸ್ಸು ಒಲ್ಲೆನೆಂದರೂ ಮಾತು ಹೊರಡುವುದಿಲ್ಲ. ಸುಮ್ಮನೆ ತೆಗೆದುಕೊಳ್ಳುವುದೇ ಸುಲಭ. ಇದನ್ನು ಬರೀ ಮನಸ್ಸಿನ ದೌರ್ಬಲ್ಯ ಎನ್ನುವುದು ನನಗೆ ಸರಿ ಕಾಣದು.

ದಾನಿಯೇಲನ ಗ್ರಂಥದ ಮೊದಲ ಅಧ್ಯಾಯವನ್ನು ಇಂದು ಮನೆಯಲ್ಲಿ ಓದಿರಿ. ಸೆರೆಯಾಗಿ ಬಾಬಿಲೋನಿಗೆ ಹೋದ ತರುಣರಿಗೆ ಕಸ್ದೀಯರ ಭಾಷೆ, ಸಾಹಿತ್ಯಗಳಲ್ಲಿ 3 ವರ್ಷದ ಶಿಕ್ಷಣ. ಹೆಸರುಗಳನ್ನೂ ಬದಲಾಯಿಸಿದರು. ದಾನಿಯೇಲ ಆ ಭಾಷೆಯನ್ನು ಚೆನ್ನಾಗಿಯೇ ಕಲಿತ. ರಾಜನ ಭೋಜನ, ದ್ರಾಕ್ಷಾರಸ ಮಾತ್ರ ಒಲ್ಲೆನೆಂದ. ಓರಗೆಯವರು ಉಣ್ಣುತ್ತಿದ್ದರೂ ಒಲ್ಲೆನೆಂದ. ಹೇಗೆ? ಜಗಳವಾಡಲಿಲ್ಲ. ಹಿರಿಯ ಅಧಿಕಾರಿ ರಾಜನಿಗೆ ಹೆದರಿದಾಗ, ಮೇಲ್ವಿಚಾರಕನ ಬಳಿ ಹೋಗಿ 10 ದಿನ ಕಾಯಿಪಲ್ಯ, ನೀರು ಕೊಟ್ಟು ನೋಡಿ ಎಂದು ವಿನಯದಿಂದ ಬೇಡಿದ. ಹನನ್ಯ, ಮಿಶಾಯೇಲ, ಅಜರ್ಯ ಜೊತೆಗಿದ್ದರು. ಜೊತೆಗೆ ಒಬ್ಬನಿದ್ದರೂ ನಿರಾಕರಿಸುವುದು ಎಷ್ಟು ಹಗುರ!

ಪಾಠ ಹೇಳುವವರೇ, ವ್ಯಾಕರಣದೊಂದಿಗೆ ಇಂಥ ವಾಕ್ಯಗಳನ್ನೂ ಮಕ್ಕಳ ಬಾಯಿಗೆ ರೂಢಿ ಮಾಡಿಸಿರಿ: ಬೇಡ, ನಾನು ಹೊರಟೆ, ಮನೆಯಲ್ಲಿ ಕಾಯುತ್ತಿದ್ದಾರೆ. ಇಬ್ಬರನ್ನು ಎದುರುಬದುರು ನಿಲ್ಲಿಸಿ. ಒಬ್ಬ ಒತ್ತಾಯಿಸಲಿ, ಇನ್ನೊಬ್ಬ ನಗುತ್ತಲೇ ನಿರಾಕರಿಸಲಿ. ನಾಟಕವೆಂದು ಉಳಿದವರು ನಕ್ಕರೆ ನಗಲಿ.

ಇಂಗ್ಲಿಷ್ ಬಾರದ ತಾಯಿಯೂ ಮನೆಯಲ್ಲಿ ಈ ಆಟ ಆಡಬಹುದು. ಆಕೆ ಕನ್ನಡದಲ್ಲೇ ಒತ್ತಾಯಿಸಲಿ, ಮಗ ಹೊಸ ಭಾಷೆಯಲ್ಲಿ ಉತ್ತರಿಸಲಿ.