ನೋವು, ನಿರ್ಜರೆ ಮತ್ತು ಮಾರ್ಫಿನ್

ಕ್ಯಾನ್ಸರ್ ರೋಗಿಗೆ ವೈದ್ಯರು ಮಾರ್ಫಿನ್ ಸೂಚಿಸಿದಾಗ, ‘ಅದು ಅಫೀಮು, ಸಹಿಸಿದರೆ ಕರ್ಮನಿರ್ಜರೆ’ ಎನ್ನುವ ಹಿರಿಯರು ಗದಗ, ಲಕ್ಷ್ಮೇಶ್ವರಗಳ ನಮ್ಮ ಮನೆಗಳಲ್ಲಿ ಇಂದಿಗೂ ಉಂಟು. ತತ್ತ್ವಾರ್ಥಸೂತ್ರವು 22 ಪರೀಷಹಗಳೊಳಗೆ ರೋಗವನ್ನೂ ಎಣಿಸಿರುವುದು ನಿಜ. ಆದರೆ ವೇದನೆಯನ್ನೇ ನೆನೆನೆನೆದು ಕೊರಗುವುದನ್ನು ಅದೇ ಗ್ರಂಥವು ಆರ್ತಧ್ಯಾನವೆಂದಿದೆ. ಮೆದುಳಿನ ಚಿತ್ರಣವೂ ಇದಕ್ಕೆ ಸಮೀಪದ ಮಾತನ್ನೇ ಹೇಳುತ್ತದೆ: ನೋವಿನ ಅರಿವಿಗೂ ಅದರ ಸಂಕಟಕ್ಕೂ ಬಹುಮಟ್ಟಿಗೆ ಬೇರೆ ಬೇರೆ ನೆಲೆಗಳು, ಮಾರ್ಫಿನ್ ಸಂಕಟವನ್ನೇ ಹೆಚ್ಚಾಗಿ ತಗ್ಗಿಸುತ್ತದೆ. ಸಂಕಟ ತಗ್ಗಿದವನಿಗಲ್ಲವೇ ಣಮೋಕಾರ ನೆನಪಾಗುವುದು? ಪರೀಷಹಜಯ ಮುನಿಗಳು ತಾವಾಗಿ ಕೈಗೊಂಡುದು; ಹಾಸಿಗೆ ಹಿಡಿದವನ ಮೇಲೆ ಮನೆಯವರು ಅದನ್ನು ಹೊರಿಸುವುದು ನನ್ನ ಮತಿಗೆ ಹಿಂಸೆಯೇ. ಹಳೆಯ ಬೆನ್ನುನೋವಿಗೆ ವರ್ಷಗಟ್ಟಲೆ ನುಂಗುವುದು ಬೇರೆ ಮಾತು. ಅಲ್ಲಿ ಗುಣ ಅಲ್ಪ, ಚಟದ ಭಯ ನಿಜವಾದುದು. 1985ರ ಮಾದಕದ್ರವ್ಯ ಕಾಯಿದೆಯನ್ನು 2014ರಲ್ಲಿ ತಿದ್ದಿ, ಆಸ್ಪತ್ರೆಗಳಿಗೆ ಮಾರ್ಫಿನ್ ಪರವಾನಗಿಯನ್ನು ಸರಳಗೊಳಿಸಲಾಗಿದೆ. ಔಷಧದಾನಕ್ಕೆ ಹಣ ತೆಗೆದಿಡುವ ಬಸದಿ ಟ್ರಸ್ಟುಗಳು, ಮಾನ್ಯ ಆಸ್ಪತ್ರೆಯ ಮೂಲಕ ಬಡ ರೋಗಿಯ ಈ ಗುಳಿಗೆಯ ವೆಚ್ಚವನ್ನೂ ಭರಿಸಬಹುದು.