ಕೆಲವರೇ ಬಲ್ಲ ವಿದ್ಯೆ

ಹೊರನಾಡಿನ ನಮ್ಮ ಮನೆಗಳಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಮಕ್ಕಳು ಈಗ ಅಪರೂಪವಲ್ಲ. ಅವರಲ್ಲಿ ಕೆಲವರಿಗೆ ನೌಕರಿಯ ಹಂಗಿಲ್ಲದೆ ಸ್ವತಂತ್ರವಾಗಿ ದುಡಿಯುವ ಆಸೆ. ಜಾವಾ, ಪೈಥಾನ್‌ಗಳನ್ನು ನೆಚ್ಚಿದರೆ ಪೈಪೋಟಿ ಹೆಚ್ಚು. ಕೆಲವರೇ ಬಲ್ಲ ಭಾಷೆಯನ್ನು ಕಲಿತರೆ ಗಿರಾಕಿಗಳು ಕಡಿಮೆ. ಆದರೆ ಬಂದ ಗಿರಾಕಿಗೆ ಬೇರೆ ಬಾಗಿಲು ಸುಲಭವಾಗಿ ಸಿಗದು. ಅವನ ಆ ಅಸಹಾಯಕತೆಗೆ ನಾವು ಬೆಲೆ ಕಟ್ಟಬಹುದೇ?

ಕೋಬಾಲ್ 1959ರಲ್ಲಿ ರೂಪುಗೊಳ್ಳತೊಡಗಿದ ಭಾಷೆ. ಅಮೆರಿಕದ ಎಷ್ಟೋ ಬ್ಯಾಂಕು, ಸರಕಾರಿ ಕಚೇರಿಗಳ ಲೆಕ್ಕ ಅದರಲ್ಲೇ ನಡೆದು ಬಂತು. 2020ರ ಏಪ್ರಿಲಿನಲ್ಲಿ, ಕೊರೋನಾದಿಂದ ಕೆಲಸ ಕಳೆದುಕೊಂಡವರ ಅರ್ಜಿಗಳು ರಾಶಿ ಬಿದ್ದಾಗ, ನ್ಯೂಜೆರ್ಸಿಯ ಆಗಿನ ಗವರ್ನರ್ ಫಿಲ್ ಮರ್ಫಿಯವರು ಕೋಬಾಲ್ ಬಲ್ಲವರು ಸ್ವಯಂಸೇವಕರಾಗಿ ಬರಬೇಕೆಂದು ಬಹಿರಂಗವಾಗಿ ಕೇಳಿಕೊಂಡರು. ಅತ್ತ ಪರಿಹಾರದ ಹಣಕ್ಕೆ ಕಾದು ಕುಳಿತ ಸಂಸಾರಗಳು. ಅಂಥ ಹೊತ್ತಿನಲ್ಲಿ ಬಲ್ಲವನು ಹತ್ತು ಪಟ್ಟು ಕೇಳಿದರೆ ಅದು ಸುಲಿಗೆ. ಆದರೆ ದಶಕಗಟ್ಟಲೆ ಹಳೆಯ ಯಂತ್ರವನ್ನೇ ನೂಕಿಕೊಂಡು ಬಂದು, ಸಂಕಟ ಬಂದಾಗ ಪುಕ್ಕಟೆ ಬಾ ಎಂದು ಕರೆಯುವುದೂ ನ್ಯಾಯವೆನಿಸದು. ಕಲಿಯಲು ಸವೆಸಿದ ವರ್ಷಗಳಿಗೆ, ಕೆಲಸವಿಲ್ಲದೆ ಕಳೆದ ತಿಂಗಳುಗಳಿಗೆ ತಕ್ಕ ಬೆಲೆ ಕೇಳಲು ಸಂಕೋಚ ಬೇಡ. ಗಿರಾಕಿಯ ಭಯಕ್ಕೆ ಮಾತ್ರ ಬೆಲೆ ಹಾಕಬಾರದು.

ಹೀಗೆ ಬೆಲೆ ಹಾಕುವ ಇನ್ನೊಂದು ಬಗೆಯುಂಟು. ಬೇರೆಯವರಿಗೆ ತಿಳಿಯದಂತೆ ಪ್ರೋಗ್ರಾಂ ಬರೆದಿಟ್ಟು, ಗಿರಾಕಿಯನ್ನು ಕಾಯಂ ಕಟ್ಟಿಹಾಕುವುದು. 'ಎಲ್ಲ ಹೇಳಿಕೊಟ್ಟರೆ ನಾಳೆ ನಮ್ಮ ಅನ್ನಕ್ಕೆ ಕಲ್ಲು ಬೀಳದೇ?' ಎಂಬ ಅಂಜಿಕೆ ಸುಳ್ಳಲ್ಲ. ಒಬ್ಬಿಬ್ಬರು ಗಿರಾಕಿಗಳು ಕೈಬಿಟ್ಟಾರು. ಆದರೆ ಅರ್ಲ್ಯಾಂಗ್ ಭಾಷೆಯ ಕಥೆ ನೋಡಿ. ಜೋ ಆರ್ಮ್‌ಸ್ಟ್ರಾಂಗ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ ಟೆಲಿಫೋನ್ ಎಕ್ಸ್‌ಚೇಂಜುಗಳಿಗೆಂದು ಅದನ್ನು ರೂಪಿಸಿದರು. 1998ರಲ್ಲಿ ಕಂಪನಿ ಅದನ್ನು ಎಲ್ಲರ ಬಳಕೆಗೆ ಬಿಟ್ಟುಕೊಟ್ಟಿತು. ಮುಂದೆ ವಾಟ್ಸಾಪ್ ತನ್ನ ಸಂದೇಶಗಳ ಭಾರವನ್ನು ಹೊರಿಸಿದ್ದು ಅದೇ ಭಾಷೆಯ ಮೇಲೆ. ಹಂಚಿದ್ದರಿಂದ ಅದನ್ನು ಬಲ್ಲವರಿಗೆ ಕೆಲಸ ಬೆಳೆಯಿತು. ಈ ನಗರಗಳಲ್ಲಿ ನಮ್ಮ ಹಿರಿಯರು ಬಿಡುವಿನ ದಿನ ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸಿದ್ದರ ಫಲವನ್ನು ನಾವೂ ಬಲ್ಲೆವು.

ಇಂಥ ಭಾಷೆಗಳಲ್ಲಿ ಜಾಹೀರಾತು ನೋಡಿ ಸಿಗುವ ಕೆಲಸ ಕಡಿಮೆ. ಬಲ್ಲವರ ಬಳಗ ಚಿಕ್ಕದು; ಒಬ್ಬರ ಮಾತು ಇನ್ನೊಬ್ಬರಿಗೆ ಬೇಗ ಮುಟ್ಟುತ್ತದೆ. ಆದ್ದರಿಂದ ಕೆಲಸ ಮುಗಿಸಿದ ಮೇಲೆ ಇನ್ನೊಬ್ಬರು ಓದಿ ಮುಂದುವರಿಸುವಂತೆ ವಿವರ ಬರೆದಿಟ್ಟು ಬರೋಣ. ಗಿರಾಕಿ ಮತ್ತೆ ಕರೆದರೆ, ಬೇರೆ ದಾರಿ ಇದ್ದೂ ಕರೆದನೆಂಬ ಸಮಾಧಾನ ನಮಗಿರಲಿ.